ನರ್ಸಮ್ಮನ ಸೈಕಲ್ಲಿಗೆ ದೀಪ ಕಟ್ಟಿದ್ದು

ಹೋದ ವಾರ ನಮ್ಮ ಮಳವಳ್ಳಿಯಲ್ಲಿ ನರ್ಸಮ್ಮನಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ತುಂಬಿದ ವಯಸ್ಸಿನಲ್ಲಿ ಹೋದರು, ಅದರ ಬಗ್ಗೆ ನನಗೆ ದೂರಿಲ್ಲ. ಪಟಕ್ಕೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಒಬ್ಬೊಬ್ಬರಾಗಿ ಮಾತಾಡಿದರು. ‘ಶಾಂತಸ್ವಭಾವದ ತಾಯಿ’ ಎಂದರು ಒಬ್ಬರು. ‘ಯಾರ ಮನಸ್ಸನ್ನೂ ನೋಯಿಸಿದವರಲ್ಲ’ ಎಂದರು ಇನ್ನೊಬ್ಬರು. ‘ಅಂಥವರನ್ನು ಈ ಊರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿತು’ ಎಂದಾಗ ನಾನು ಎದ್ದು ಹೊರಗೆ ಬಂದೆ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ಕುರ್ಚಿ ಎತ್ತಿ ಎಸೆಯುತ್ತಿದ್ದೆ. ಕುರ್ಚಿ ಎತ್ತುವ ಶಕ್ತಿ ಈಗ ನನ್ನ ತೋಳಿಗಿಲ್ಲ, ಅದು ಬೇರೆ ಮಾತು.

ಆಕೆ ಶಾಂತಸ್ವಭಾವದವರಾಗಿರಲಿಲ್ಲ. ನಾನು ಕಂಡ ಮನುಷ್ಯರಲ್ಲಿ ಆಕೆಯಷ್ಟು ಸಿಟ್ಟು ಯಾರಲ್ಲೂ ಇರಲಿಲ್ಲ. ಆ ಸಿಟ್ಟನ್ನು ಹುಟ್ಟಿಸಿದ್ದು ಇದೇ ಊರು. ಈಗ ಆಕೆ ಎದ್ದು ಬಂದು ಬೈಯಲಾರರೆಂಬ ಧೈರ್ಯದಿಂದ ಇವರು ಸಿಟ್ಟನ್ನೇ ಒರೆಸಿ ಹಾಕಿ, ಪಟವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯುದ್ಧದ ಕಾಲ. ಬಸ್ಸು ನಿಲ್ಲುವ ಜಾಗದ ಎದುರಿಗೆ ನಮ್ಮಪ್ಪನ ಸೈಕಲ್ ಅಂಗಡಿ. ನಾನೂ ಅಲ್ಲೇ ಕೆಲಸ ಮಾಡುತ್ತಿದ್ದೆ. ಮದುವೆಯಾಗಿತ್ತು, ಒಂದು ಮಗುವೂ ಇತ್ತು. ಒಂದು ಮಧ್ಯಾಹ್ನ ಎತ್ತಿನ ಗಾಡಿಯೊಂದು ಅಂಗಡಿ ಮುಂದೆ ಬಂದು ನಿಂತಿತು. ಹುಲ್ಲಿನ ಮೇಲೆ ತುಕ್ಕು ಹಿಡಿದ ಒಂದು ಸೈಕಲ್ಲು, ಅದರ ಪಕ್ಕದಲ್ಲಿ ಬಿಳಿ ಸೀರೆಯುಟ್ಟು ಕೂತ ಹೆಂಗಸು. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಹೆರಿಗೆ ನರ್ಸು ಆಕೆಯೇ ಎಂದು ಗೊತ್ತಿತ್ತು, ಮಾತಾಡಿಸಿರಲಿಲ್ಲ.

“ಏನ್ಲಾ ಅಂಗ್ ನೋಡ್ತೀಯ? ಇಳಿಸ್ಕೊ. ಎಣ ಅಲ್ಲ, ಸೈಕಲ್ಲು,” ಎಂದರು.

ಹೆಣಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಜಲಪಾತದ ಬಳಿಯ, ನಾವೆಲ್ಲ ಬ್ಲಫ್ ಎನ್ನುವ ಜಾಗದ ವಿದ್ಯುತ್ ಕೇಂದ್ರದಲ್ಲಿದ್ದ ಇಂಗ್ಲಿಷ್ ಎಂಜಿನಿಯರನೊಬ್ಬನ ಹೆಂಡತಿ ಓಡಿಸುತ್ತಿದ್ದ ಗಾಡಿಯಂತೆ. ಅವರು ಊರಿಗೆ ಹೋಗುವಾಗ ಷೆಡ್ಡಿನಲ್ಲಿ ಬಿಟ್ಟು ಹೋಗಿದ್ದರು. ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಅಲ್ಲಿಗೆ ಹೆರಿಗೆ ಮಾಡಿಸಲು ಹೋಗಿದ್ದ ನರ್ಸಮ್ಮ ಅದನ್ನು ಕಂಡು, ಷೆಡ್ಡಿನ ಮೇಸ್ತ್ರಿಯ ಜತೆ ಜಗಳವಾಡಿ, ಗಾಡಿಗೆ ಹಾಕಿಸಿಕೊಂಡು ಬಂದಿದ್ದರು.

ಆಕೆ ಮದ್ದೂರಿನ ಹತ್ತಿರದ ಕೊಪ್ಪದ ಕಡೆಯ ಒಕ್ಕಲು ಮನೆತನದವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ. ಅತ್ತೆ ಮನೆಯವರು ಮೂಲೆಯಲ್ಲಿ ಕೂರಿಸಲು ನೋಡಿದರು. ಆಕೆ ಕೂರಲಿಲ್ಲ, ಅಪ್ಪನನ್ನು ಒಪ್ಪಿಸಿ ಮೈಸೂರಿಗೆ ಹೋಗಿ ಹೆರಿಗೆ ಕೆಲಸ ಕಲಿತು ಬಂದರು. ಮೈಸೂರು ಆಕೆಯ ಕೈಗೆ ಕತ್ತರಿ, ಸೋಪು, ಕರಿ ಚೀಲ ಕೊಟ್ಟಿತು, ನಾಲಗೆಯನ್ನು ಮಾತ್ರ ಮುಟ್ಟಲಿಲ್ಲ. ಡಾಕ್ಟರಿಗೆ “ಬುಡಿ ಸ್ವಾಮಿ, ನಿಮಗೊತ್ತಿಲ್ಲ” ಎನ್ನುವರು; ನಮ್ಮಪ್ಪನಿಗೆ “ಸಾಬ್ರೆ” ಎನ್ನುವರು; ನನಗೆ ಮೊದಲ ದಿನದಿಂದ ಕೊನೆಯವರೆಗೂ “ಲಾ”.

ಆಕೆಗೆ ಸೈಕಲ್ಲು ಯಾಕೆ ಬೇಕಾಯಿತು ಎಂಬುದನ್ನು ಇಲ್ಲೇ ಹೇಳಬೇಕು.

ಪುರಸಭೆಗೆ ಒಬ್ಬ ಮೆಂಬರಿದ್ದರು. ಹೆಸರು ಬೇಡ. ನರ್ಸಮ್ಮನನ್ನು ಹೆರಿಗೆ ಮನೆಗಳಿಗೆ ಕರೆದೊಯ್ಯುವ ಜಟಕಾ ಅವರದು. ಜಟಕಾ ಅವರದಾದ್ದರಿಂದ ನರ್ಸಮ್ಮ ಯಾರ ಮನೆಗೆ ಮೊದಲು ಹೋಗಬೇಕೆಂಬುದೂ ಅವರದೇ ತೀರ್ಮಾನ. ಅವರ ಬೀದಿಗೆ, ಅವರ ನೆಂಟರ ಹಳ್ಳಿಗಳಿಗೆ ಕುದುರೆ ಓಡುತ್ತಿತ್ತು. ನಮ್ಮ ಸಾಬರ ಬೀದಿಗೆ ಬರಲು ಕುದುರೆಗೆ ಆಯಾಸ. ನನ್ನ ಹೆಂಡತಿಯ ಮೊದಲ ಹೆರಿಗೆಯಲ್ಲಿ ನಾನು ಜಟಕಾದ ಹುಡುಗನ ಮುಂದೆ ಕೈಮುಗಿದು ನಿಂತಿದ್ದೆ. ಆಗಿದ್ದ ಹಳೆಯ ನರ್ಸು ಬರುವಷ್ಟರಲ್ಲಿ ನೆರೆಮನೆಯ ಮುದುಕಿ ಹೇಗೋ ಮಗುವನ್ನು ಹಿಡಿದಿದ್ದಳು. ಇನ್ನು ಊರಾಚೆಯ ಕೇರಿಗಳಿಗಂತೂ ಆ ಕುದುರೆ ಹೋದದ್ದೇ ಇಲ್ಲ. ‘ಅಲ್ಲಿಗೋದ್ರೆ ಗಾಡಿ ತೊಳೀಬೇಕಾಯ್ತದೆ’ ಎಂದು ಮೆಂಬರು ಹೋಟೆಲಿನಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಸುತ್ತ ಕೂತವರು ನಕ್ಕಿದ್ದರು.

“ಆ ಕುದ್ರೆ ಮೂತಿ ನೋಡ್ಕೊಂಡು ಎರಿಗೆ ಮಾಡ್ಸಾಕೆ ನಾನು ಬಂದಿಲ್ಲ ಸಾಬ್ರೆ,” ಎಂದರು ನರ್ಸಮ್ಮ ನಮ್ಮಪ್ಪನಿಗೆ. “ಇದು ಓಡ್ಬೇಕು. ಅಗಲು ರಾತ್ರಿ ಓಡ್ಬೇಕು.”

ಅಪ್ಪ ಸೈಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಕಬ್ಬಿಣ ಒಳ್ಳೆಯದು, ಒಳಗೆ ಕೊಳೆತಿಲ್ಲ ಎಂದ. ನಾವು ಬಿಡಿಬಿಡಿಯಾಗಿ ಕಳಚಿ ಸೀಮೆಎಣ್ಣೆಯಲ್ಲಿ ನೆನೆಸಿದೆವು. ದೊರೆಸಾನಿಯ ಗೌನು ಚಕ್ರಕ್ಕೆ ಸಿಗದಂತೆ ಹಿಂದಿನ ಗಾಲಿಯ ಎರಡೂ ಕಡೆ ಕಟ್ಟಿದ್ದ ದಾರಗಳು ಲಡ್ಡಾಗಿದ್ದವು. ಸೀರೆಗೂ ಅದು ಬೇಕೆಂದು ನನ್ನ ಹೆಂಡತಿ ಹೊಸ ದಾರ ಹೆಣೆದಳು. ಎಲ್ಲ ಸರಿಹೋಯಿತು. ದೀಪದ ಬ್ರಾಕೆಟ್ಟೊಂದು ಇರಲಿಲ್ಲ. ಬ್ಲಫ್‌ನಲ್ಲಿ ಬೀದಿಗೆಲ್ಲ ಕರೆಂಟು. ಆ ದೊರೆಸಾನಿಗೆ ಸೈಕಲ್ಲಿಗೆ ದೀಪ ಬೇಕಾಗಿರಲಿಲ್ಲ.

ಬ್ರಾಕೆಟ್ಟು ಎಂದರೆ ದೊಡ್ಡ ವಸ್ತುವಲ್ಲ. ಹ್ಯಾಂಡಲ್ಲಿನ ಬುಡದಲ್ಲಿರುವ ದೊಡ್ಡ ನಟ್ಟಿನ ಕೆಳಗೆ ಕೂರುವ ಒಂದು ಬಳೆ, ಅದರಿಂದ ಮುಂದಕ್ಕೆ ಚಾಚಿದ ಒಂದು ಕತ್ತು, ಕತ್ತಿನ ತುದಿಯಲ್ಲಿ ಮೇಲಕ್ಕೆ ನಿಂತ ನಾಲಗೆ. ದೀಪದ ಬೆನ್ನಿನ ಗೂಡನ್ನು ಆ ನಾಲಗೆಯ ಮೇಲೆ ಇಳಿಸಿದರೆ ಆಯಿತು. ಆದರೆ ಯುದ್ಧದಿಂದಾಗಿ ಇಂಗ್ಲೆಂಡಿನ ಸಾಮಾನು ನಿಂತುಹೋಗಿತ್ತು. ಮದ್ದೂರಿನಲ್ಲಿ ಕೇಳಿದೆ, ಮಂಡ್ಯದಲ್ಲಿ ಕೇಳಿದೆ, ಇಲ್ಲ. ನಾನೇ ತೆಳು ತಗಡಿನಿಂದ ಒಂದು ಮಾಡಿದೆ. ಎರಡು ಸಲ ಹೊರಗೆ ಹೋಗಿ ಬರುವಷ್ಟರಲ್ಲಿ ಬಗ್ಗಿ, ದೀಪ ತಲೆ ತಗ್ಗಿಸಿಕೊಂಡಿತು.

“ನನ್ ಸೈಕಲ್ಲು ಯಾರ್ಗೋ ಕೈ ಮುಗೀತಾ ಬಂತು ಕಣ್ಲಾ,” ಎಂದು ನರ್ಸಮ್ಮ ಅದನ್ನು ಕಿತ್ತು ನನ್ನ ಕಾಲ ಬಳಿ ಎಸೆದರು.

ದಪ್ಪ ಪಟ್ಟಿಯಿಂದ ಇನ್ನೊಂದು ಮಾಡಿದೆ. ಬಳೆ ದಪ್ಪವಾದದ್ದರಿಂದ ನಟ್ಟು ಕಚ್ಚಿಕೊಳ್ಳಲು ತಿರುಪಿನ ಸುತ್ತು ಉಳಿಯದೆ ಹ್ಯಾಂಡಲ್ಲೇ ಸಡಿಲವಾಯಿತು. ಮೇಲಾಗಿ ಆ ಸೈಕಲ್ಲಿಗೆ ತಂತಿಯ ಬದಲು ಕಬ್ಬಿಣದ ಕಡ್ಡಿಯಿಂದ ಎಳೆಯುವ ಬ್ರೇಕು. ಮುಂದಿನ ಕಡ್ಡಿ ಬ್ರಾಕೆಟ್ಟಿನ ಕತ್ತಿಗೇ ತಾಗಿ ಬ್ರೇಕು ಹಿಡಿದುಕೊಂಡುಬಿಡುತ್ತಿತ್ತು. ಕೊನೆಗೆ ಅಪ್ಪ ಮುರಿದ ಗಾಡಿಚಕ್ರದ ಪಟ್ಟಿ ತಂದು, ಕುಲುಮೆಯಲ್ಲಿ ಕಾಯಿಸಿ, ಕತ್ತನ್ನು ದಪ್ಪವಾಗಿಯೇ ಬಿಟ್ಟು ಬಳೆಯನ್ನು ಮಾತ್ರ ಅರದಿಂದ ತೇಯ್ದು ತೆಳ್ಳಗೆ ಮಾಡಿಸಿದ. ಕಡ್ಡಿಯನ್ನು ದಾಟಿ ಮುಂದೆ ಹೋಗುವ ಹಾಗೆ ಕತ್ತನ್ನು ಬಗ್ಗಿಸಿದೆವು. ನರ್ಸಮ್ಮ ಎದುರಿಗೇ ಕೂತು ನೋಡಿದರು. ಕೂರಿಸಿ, ನಟ್ಟು ಬಿಗಿದು, ಎರಡೂ ಪಕ್ಕ ಕೆಂಪು ಹಸಿರು ಗಾಜಿದ್ದ ಸೀಮೆಎಣ್ಣೆ ದೀಪವನ್ನು ನಾಲಗೆಗೆ ಇಳಿಸಿದಾಗ, ಆಕೆ ಮುಷ್ಟಿಯಿಂದ ಅದರ ಮೇಲೆ ಒಂದು ಗುದ್ದಿದರು. ಅಲುಗಲಿಲ್ಲ.

“ಈಗ ಓಯ್ತೀನಿ,” ಎಂದರು. ಆಕೆಯಿಂದ ನಮಗೆ ಸಿಕ್ಕ ಒಳ್ಳೆಯ ಮಾತು ಅಷ್ಟೇ.

ಸೆರಗನ್ನು ಸೊಂಟಕ್ಕೆ ಸುತ್ತಿ, ಕರಿ ಚೀಲವನ್ನು ಹಿಂದೆ ಕಟ್ಟಿ ಆಕೆ ಹೊರಟರೆ ಹೋಟೆಲಿನವರು ಎದ್ದು ನಿಂತು ಕೂಗುತ್ತಿದ್ದರು. ಒಬ್ಬ ಸಿಳ್ಳೆ ಹಾಕಿದಾಗ ಆಕೆ ಸೈಕಲ್ ನಿಲ್ಲಿಸಿ, ಇಳಿದು, ಅವನ ಮುಂದೆ ಹೋಗಿ ನಿಂತರು. “ನಿಮ್ಮವ್ವನ್ನ ಕರ್ಕಂಬಾ. ನಿನ್ನ ಎತ್ತಾಗ ಎಂಗೆ ಕಿರುಚಿದ್ಲು ಅಂತ ಕೇಳವ. ಆಮೇಲೆ ಸಿಳ್ಳೆ ಆಕು,” ಎಂದರು. ಅವನು ಕಾಫಿ ಅರ್ಧಕ್ಕೇ ಬಿಟ್ಟು ಹೋದ.

ಸೊಸೆಗೆ ಹೊಟ್ಟೆ ತುಂಬ ಅನ್ನ ಕೊಡದ ಅತ್ತೆಯರನ್ನು ಆಕೆ ಬೀದಿಗೆ ಕರೆದು ಬೈಯುತ್ತಿದ್ದರು. ಹೆಣ್ಣು ಮಗುವೆಂದು ಮುಖ ತಿರುಗಿಸಿದ ಗಂಡನ ಕೈಗೆ ಆ ಕೂಸನ್ನೇ ಕೊಟ್ಟು, ‘ಅವ್ಳಿಗೆ ನಾನು ಸ್ನಾನ ಮಾಡ್ಸೋ ತನಕ ಇಟ್ಕೊಂಡಿರು’ ಎಂದು ನಿಲ್ಲಿಸುತ್ತಿದ್ದರು. ಆದರೆ ಹೆರುವವಳ ಬಳಿ ಆ ದನಿ ಬೇರೆ. ನನ್ನ ಎರಡನೆಯ ಮಗಳು ಹುಟ್ಟಿದಾಗ ಗೋಡೆಯಾಚೆ ಕೂತು ಕೇಳಿದ್ದೇನೆ: “ಆಯ್ತು ಕಣಮ್ಮ, ಆಯ್ತು, ನನ್ ಕೈ ಮುರಿದ್ರೂ ಪರ್ವಾಗಿಲ್ಲ, ಗಟ್ಟಿ ಇಡ್ಕೊ.” ಮತ್ತೆ ಹೊರಗೆ ಬಂದವರೇ, ನೀರು ಕಾಯಿಸಲು ತಡ ಮಾಡಿದ್ದಕ್ಕೆ ನನ್ನನ್ನು ಉಗಿದರು.

ಸೈಕಲ್ಲು ಕೇರಿಗಳಿಗೆ ಹೋಯಿತು. ಜಟಕಾ ಖಾಲಿ ನಿಂತಿತು. ಮೆಂಬರಿಗೆ ಉರಿ ಹತ್ತಿದ್ದು ಆಗ.

ಹೊತ್ತು ಮುಳುಗಿದ ಮೇಲೆ ದೀಪವಿಲ್ಲದೆ ಯಾವ ಗಾಡಿಯೂ ರಸ್ತೆಗಿಳಿಯಬಾರದೆಂಬ ಕಾನೂನು ಮೊದಲಿಂದಲೂ ಇತ್ತು. ಯಾರೂ ಪಾಲಿಸುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಊರಿನ ಗೇಟಿನ ಬಳಿ ಸಂಜೆ ಹೊತ್ತು ಒಬ್ಬ ಪೊಲೀಸ್ ದಫೇದಾರ ನಿಲ್ಲತೊಡಗಿದ. ಅವನು ತಡೆಯುತ್ತಿದ್ದದ್ದು ಒಂದೇ ಸೈಕಲ್ಲನ್ನು. ದೀಪ ಉರಿಯುತ್ತಿದ್ದರೆ ಬಿಡುವನು. ಗಾಳಿಗೆ ಆರಿದ್ದರೆ ಬೆಂಕಿಪೊಟ್ಟಣ ಹುಡುಕುವ ತನಕ ನಿಲ್ಲಿಸುವನು. ಅದೇ ಹೊತ್ತಿನಲ್ಲಿ ಮೆಂಬರು ನಮ್ಮಂಗಡಿಗೂ ಬಂದರು.

“ಸಾಬ್ರೆ, ಎಂಗಸ್ರ ಸೈಕಲ್ಲಿಗೆ ದೀಪ ಕಟ್ಟಿ ರಾತ್ರಿ ಮೆರೆಯಾಕ್ ಬುಡ್ತೀರಲ್ಲ, ಮರ್ಯಾದಸ್ಥರು ನೀವು. ಅಂಗಡಿ ಜಾಗ ಪುರಸಭೆದು ಅನ್ನೋದು ನೆಪ್ಪಿರ್ಲಿ.”

ನನ್ನ ಕೈಯಲ್ಲಿ ಸ್ಪಾನರ್ ಇತ್ತು. ಅಪ್ಪ ಕಣ್ಣಿನಲ್ಲೇ ನನ್ನನ್ನು ತಡೆದ. “ನೆಪ್ಪದೆ ಸ್ವಾಮಿ,” ಎಂದ. “ಆದ್ರೆ ಬ್ರಾಕೆಟ್ಟು ಒಂದು ಸಲ ಕೂರ್ಸಿದ್ ಮೇಲೆ ನಾನು ಬಿಚ್ಚಾಕಿಲ್ಲ.” ಮೆಂಬರು ಜಟಕಾ ಹತ್ತಿ ಹೋದರು.

ಕೆಲವೇ ದಿನಗಳ ಮೇಲೆ ಒಂದು ಶುಕ್ರವಾರ. ಶುಕ್ರವಾರ ನಮ್ಮಂಗಡಿ ಮುಚ್ಚಿರುತ್ತದೆ, ಏನು ಮುರಿದರೂ ಸರಿಮಾಡುವವರಿಲ್ಲ ಎಂದು ಊರಿಗೆಲ್ಲ ಗೊತ್ತು. ಸಂಜೆ ಪೂರಿಗಾಲಿ ಕಡೆಯ ಒಂದು ಕೇರಿಯಿಂದ ಒಬ್ಬ ಓಡೋಡಿ ಬಂದ. ಅವನ ಹೆಂಡತಿಗೆ ಬೆಳಗಿನಿಂದ ನೋವು, ಕೂಸು ಅಡ್ಡ ತಿರುಗಿದೆ. ನರ್ಸಮ್ಮ ದೀಪ ಹಚ್ಚಿ ಹೊರಟರು. ಮೋರಿಯ ಹತ್ತಿರ ಸೈಕಲ್ಲು ಕುಲುಕಿದಾಗ ಬ್ರಾಕೆಟ್ಟಿನ ಕತ್ತು ಮುರಿದು ದೀಪ ನೆಲಕ್ಕೆ ಬಿತ್ತು, ಗಾಜೆಲ್ಲ ಚೂರಾಯಿತು. ಮುಂದೆಯೇ ಗೇಟು. ದಫೇದಾರ ಅಡ್ಡ ನಿಂತ. ಆಕೆ ಬೈದರು, ಕೂಸಿನ ವಿಷಯ ಹೇಳಿದರು. ಓಡಿ ಬಂದಿದ್ದವನು ದಫೇದಾರನ ಕಾಲ ಬಳಿ ಬಿದ್ದ. ದಫೇದಾರ ಸೈಕಲ್ಲನ್ನು ಹಿಡಿದುಕೊಂಡು ಠಾಣೆಗೆ ತಳ್ಳಿಕೊಂಡು ಹೋದ.

ಆಕೆ ನಡೆದರು. ಅಷ್ಟು ದೂರವನ್ನೂ ಚೀಲ ಹೊತ್ತು ನಡೆದರು. ಹೋಗಿ ಸೇರುವಷ್ಟರಲ್ಲಿ ತಾಯಿ, ಕೂಸು ಎರಡೂ ಹೋಗಿದ್ದವು.

ಮರುದಿನ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಾಗ ನರ್ಸಮ್ಮ ಜಗಲಿಯ ಮೇಲೆ ಕೂತಿದ್ದರು. ಕಾಲು ಊದಿತ್ತು. ಕೈಯಲ್ಲಿ ಮುರಿದ ಬ್ರಾಕೆಟ್ಟು. ಅದನ್ನು ನನ್ನ ಕೈಗೆ ಕೊಟ್ಟರು. ಮುರಿದ ಜಾಗ ನೋಡಿದೆ. ಮೇಲಿನ ಅರ್ಧ ನೆಟ್ಟಗೆ, ನುಣ್ಣಗೆ, ಹೊಳೆಯುತ್ತಿತ್ತು; ಕೆಳಗಿನ ಅರ್ಧ ಹರಿದ ಹಾಗೆ ಒರಟಾಗಿತ್ತು. ಕಬ್ಬಿಣ ತಾನಾಗಿ ಹಾಗೆ ಮುರಿಯುವುದಿಲ್ಲ. ಯಾರೋ ಗರಗಸದಿಂದ ಅರ್ಧ ಕುಯ್ದು ಬಿಟ್ಟಿದ್ದರು.

“ಕುಯ್ದವ್ರೆ ಅಮ್ಮಾ,” ಎಂದೆ. “ಯಾರು ಅಂತ ಹುಡುಕ್ತೀನಿ.”

“ಗರಗಸ ಯಾರ್ ಕೈಲಿತ್ತು ಅಂತ ಕಟ್ಕೊಂಡು ನಂಗೇನಾಗ್ಬೇಕ್ಲಾ? ಯೋಳಿ ಮಾಡ್ಸಿದೋನು ಗೊತ್ತಲ್ಲ.” ಊದಿದ ಕಾಲನ್ನು ನೀವಿಕೊಳ್ಳುತ್ತ, “ಆ ಎಣ್ಮಗ ಕಣ್ಣು ಬುಟ್ಕಂಡೇ ಓಗಿದ್ಲು. ನಾನೇ ಮುಚ್ದೆ,” ಎಂದರು. ಅಳಲಿಲ್ಲ. ನಾನು ಅಳುತ್ತಿದ್ದೆ. “ಅಳಬ್ಯಾಡ. ಬ್ರಾಕೆಟ್ ಮಾಡು. ಒಂದಲ್ಲ, ಊರಿಗಾಗೋಷ್ಟು ಮಾಡು.”

ಊರಿಗಾಗುವಷ್ಟು ಯಾಕೆಂದು ಸಂಜೆಗೆ ತಿಳಿಯಿತು. ಕೆಲಸ ಮುಗಿಸಿ ಬಂದ ನರ್ಸಮ್ಮ ಊರ ಗೇಟಿನ ಬಳಿ ಒಂದು ಸ್ಟೂಲು ಹಾಕಿಕೊಂಡು ಕೂತರು, ದಫೇದಾರನ ಪಕ್ಕದಲ್ಲೇ. ಮೊದಲು ಬಂದವರು ಸ್ಕೂಲು ಮೇಷ್ಟ್ರು. ಸೈಕಲ್ಲಿಗೆ ದೀಪವಿಲ್ಲ.

“ದಫೇದಾರ್ರೆ, ಅಗೋ, ಕತ್ಲೆ ಗಾಡಿ. ಇಡೀರಿ.”

“ಅಮ್ಮಾ, ಅವ್ರು ಮೇಷ್ಟ್ರು...”

“ಕಾನೂನಲ್ಲಿ ಮೇಷ್ಟ್ರನ್ನ ಬುಡು ಅಂತ ಬರ್ದದಾ? ನನ್ನ ಇಡ್ಯಾಕೆ ಕೈ ಬಂತಲ್ಲ, ಈಗೇನು ಲಕ್ವ ಒಡೀತಾ?”

“ನಾನು ಒಟ್ಟೆಪಾಡಿನೋನು ಕಣವ್ವ. ಯೋಳಿದ್ ಮಾಡ್ದೆ.”

“ಆ ಸತ್ತೋಳಿಗೂ ಒಟ್ಟೆ ಇತ್ತು ಕಣಯ್ಯ. ಅದ್ರೊಳಗೆ ಕೂಸಿತ್ತು,” ಎಂದರು ನರ್ಸಮ್ಮ, ಬಂದು ಹೋಗುವವರೆಲ್ಲ ನಿಂತು ಕೇಳುವಷ್ಟು ಗಟ್ಟಿಯಾಗಿ.

ದಫೇದಾರ ಮೇಷ್ಟ್ರ ಸೈಕಲ್ಲು ಹಿಡಿದ. ಆಮೇಲೆ ಗುಮಾಸ್ತರದು, ಹಾಲಿನವನದು, ಹೋಟೆಲಿನವನದು. ಮರುದಿನವೂ ಆಕೆ ಬಂದು ಕೂತರು, ಅದರ ಮರುದಿನವೂ. ಠಾಣೆಯ ಅಂಗಳ ಸೈಕಲ್ಲುಗಳಿಂದ ತುಂಬಿತು. ಊರ ಗಂಡಸರೆಲ್ಲ ದಂಡ ಕಟ್ಟಿ ಸೈಕಲ್ಲು ಬಿಡಿಸಿಕೊಂಡು, ಆಕೆಯನ್ನು ಶಪಿಸುತ್ತ ನಮ್ಮಂಗಡಿ ಮುಂದೆ ಬ್ರಾಕೆಟ್ಟಿಗೆ ಕಾದು ನಿಂತರು. ನಾನೂ ಅಪ್ಪನೂ ಕಂಡ ಕಬ್ಬಿಣವನ್ನೆಲ್ಲ ಕಾಯಿಸಿ ಬಡಿದೆವು. ಒಬ್ಬೊಬ್ಬರ ಸೈಕಲ್ಲಿಗೆ ಕೂರಿಸುವಾಗಲೂ ಗರಗಸದ ಗುರುತಿದ್ದ ಆ ತುಂಡನ್ನು ತೋರಿಸಿ, ಅದು ಮುರಿದದ್ದರಿಂದ ಏನಾಯಿತೆಂದು ನಾನು ಹೇಳಿದೆ. ಕೆಲವರು ತಲೆ ತಗ್ಗಿಸಿದರು. ಕೆಲವರು ‘ಬೇಗ ಬಿಗಿಯಯ್ಯ’ ಎಂದರು. ಅವರ ಮುಖಗಳು ಇವತ್ತಿಗೂ ನನಗೆ ನೆನಪಿವೆ.

ಆ ವಾರದ ಕೊನೆಗೆ, ಕತ್ತಲಾಗುತ್ತಿದ್ದಂತೆ, ಮೆಂಬರ ಜಟಕಾ ಯಾವುದೋ ಮದುವೆಯಿಂದ ಬಂತು. ಎರಡು ಪಕ್ಕದಲ್ಲೂ ತಿಕ್ಕಿದ ಹಿತ್ತಾಳೆ ದೀಪಗಳು ಫಳಫಳ ಹೊಳೆಯುತ್ತಿದ್ದವು, ಒಂದೂ ಉರಿಯುತ್ತಿರಲಿಲ್ಲ. ನರ್ಸಮ್ಮ ಸ್ಟೂಲಿನಿಂದ ಏಳಲಿಲ್ಲ. “ದಫೇದಾರ್ರೆ,” ಎಂದರು, ಅಷ್ಟೇ. ದಫೇದಾರ ಮರದ ಹಾಗೆ ನಿಂತ. ಆಗ ಸೈಕಲ್ಲು ಕಳೆದುಕೊಂಡಿದ್ದವರೇ ಸುತ್ತ ಸೇರಿದರು. “ನಮ್ದು ಇಡ್ದು ಅವ್ರುದ್ ಬುಟ್ಬುಟ್ರೆ ಆಯ್ತದಾ?” ಎಂದು ಮೇಷ್ಟ್ರೇ ಕೂಗಿದರು. ಜನ ಗಾಡಿಯ ಮುಂದೆ ನಿಂತುಬಿಟ್ಟರು. ಕೊನೆಗೆ ದಫೇದಾರ ಹೋಗಿ ಕುದುರೆಯ ಲಗಾಮು ಹಿಡಿದ. ಮೆಂಬರು ಜರಿ ಪೇಟ ಸರಿಮಾಡಿಕೊಂಡು ಇಳಿದು, ಯಾರ ಮುಖವನ್ನೂ ನೋಡದೆ ನಡೆದರು. ನಾಲ್ಕು ಹೆಜ್ಜೆಗೆ ಚರಂಡಿಯಲ್ಲಿ ಕಾಲಿಟ್ಟರು. ಜನ ಗೊಳ್ಳೆಂದು ನಕ್ಕರು.

“ನಗಬ್ಯಾಡಿ,” ಎಂದರು ನರ್ಸಮ್ಮ. “ಎಲ್ಡು ಜೀವ ಓಗವೆ. ನಗ್ತೀರಾ?”

ತಿಂಗಳೊಳಗೆ ಆಕೆಗೆ ವರ್ಗವಾಯಿತು, ಚಿತ್ರದುರ್ಗದ ಆಚೆಗೆ. ‘ಜನರೊಂದಿಗೆ ಹೊಂದಿಕೊಳ್ಳುವುದಿಲ್ಲ’ ಎಂದು ಯಾರೋ ಮೇಲಿನವರಿಗೆ ಹೇಳಿದ್ದರಂತೆ. ಯಾರೆಂದು ಬರೆಯಬೇಕಾಗಿಲ್ಲ. ಆಕೆ ಹೊರಟ ದಿನ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನ ತಲೆಯ ಮೇಲೆ, ಆಕೆ ದಂಡ ಕಟ್ಟಿ ಬಿಡಿಸಿಕೊಂಡು ಹೊಸ ಬ್ರಾಕೆಟ್ಟು ಹಾಕಿಸಿದ್ದ ಸೈಕಲ್ಲು ಕಟ್ಟಿದವನು ನಾನು. ಕೇರಿಗಳ ಹೆಂಗಸರು ಬಂದು ದೂರದಲ್ಲಿ ನಿಂತಿದ್ದರು. ಹೋಟೆಲಿನವರು, ಗುಮಾಸ್ತರು, ಮೇಷ್ಟ್ರು, ಹೆರಿಗೆಯಲ್ಲಿ ಹೆಂಡತಿಯನ್ನು ಉಳಿಸಿಕೊಂಡ ದೊಡ್ಡ ಮನೆಯ ಗಂಡಂದಿರು, ಒಬ್ಬನೂ ಬರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿತಂತೆ ಊರು!

ಅವರ ಬದಲಿಗೆ ಬಂದ ನರ್ಸು ಪಾಪದವಳು. ಜಟಕಾ ಹತ್ತಿ ಎಂದರೆ ಹತ್ತುತ್ತಿದ್ದಳು, ಇಳಿ ಎಂದರೆ ಇಳಿಯುತ್ತಿದ್ದಳು.

ಯುದ್ಧ ಮುಗಿಯಿತು. ಅಪ್ಪ ತೀರಿಕೊಂಡ. ನಲವತ್ತೇಳರಲ್ಲಿ, ನಮ್ಮ ಸಂಸ್ಥಾನದಲ್ಲೂ ಜವಾಬ್ದಾರಿ ಸರ್ಕಾರ ಬೇಕೆಂದು ಮೆರವಣಿಗೆಗಳು ನಡೆಯುತ್ತಿದ್ದಾಗ, ಸಾಮಾನು ತರಲು ಮಂಡ್ಯಕ್ಕೆ ಹೋಗಿದ್ದೆ. ರೈಲು ನಿಲ್ದಾಣದ ಬೆಂಚಿನ ಮೇಲೆ ನರ್ಸಮ್ಮ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು. ಕೊಪ್ಪದಲ್ಲಿ ತಮ್ಮನ ಮನೆಗೆ ಬಂದು ವಾಪಸು ಹೊರಟಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಂದೇ ಉಸಿರಿಗೆ ಮಾತಾಡಿದೆ. ಇಂಗ್ಲೆಂಡಿನ ಬ್ರಾಕೆಟ್ಟುಗಳು ಮತ್ತೆ ಬರುತ್ತಿವೆ, ನಿಕಲ್ ಹಾಕಿದವು. ಮೆಂಬರು ಈಗ ಬಿಳಿ ಟೋಪಿ ಹಾಕಿ ಮೆರವಣಿಗೆಯ ಮುಂದೆ ನಡೆಯುತ್ತಾರೆ.

ಆಕೆ ಕೇಳಿದ್ದು ಒಂದೇ: “ಕೇರಿಗಳಿಗೆ ಯಾರು ಓಯ್ತವ್ರೆ?”

“ಯಾರೂ ಹೋಗಲ್ಲ ಅಮ್ಮಾ. ಜಟಕಾ ಆ ಕಡೆ ಹೋಗಲ್ಲ. ಹೋದ ತಿಂಗಳು ಕೂಡ ಒಬ್ಬಳು...”

“ಅದನ್ನ ಇಷ್ಟು ನಿಧಾನವಾಗಿ ಯೋಳ್ತೀಯಲ್ಲಾ!” ಎಂದು ಆಕೆ ಎದ್ದು ನಿಂತರು. ರೈಲಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. “ಬ್ರಾಕೆಟ್ಟಿನ ಸುದ್ದಿ ಮೊದ್ಲು ಯೋಳ್ದೆ, ಟೋಪಿ ಸುದ್ದಿ ಯೋಳ್ದೆ, ಕೊನೇಗೆ ಇದಾ? ನಿಂಗೆ ಕ್ವಾಪ ಬರಾಕಿಲ್ವೇನ್ಲಾ? ಏನ್ ತಿಂತೀಯ ನೀನು?”

ರೈಲು ಬಂತು. ನನ್ನ ಕಡೆ ತಿರುಗಿಯೂ ನೋಡದೆ ಹತ್ತಿ ಹೋದರು. ಮಳವಳ್ಳಿಯ ತನಕ ಬಸ್ಸಿನಲ್ಲಿ ನನ್ನ ಕಿವಿ ಉರಿಯುತ್ತಲೇ ಇತ್ತು.

ಆ ವರ್ಷ ಮುಗಿಯುವ ಮೊದಲು, ಒಂದು ಸಂಜೆ, ಮದ್ದೂರಿನ ಬಸ್ಸು ಬಂದು ನಿಂತಿತು. ಆಳು ಇನ್ನೂ ಇಳಿದಿರಲಿಲ್ಲ, ಆಗಲೇ ದನಿ ಇಳಿಯಿತು. ಕಂಡಕ್ಟರು ಸೈಕಲ್ಲನ್ನು ಮೇಲಿನಿಂದ ಒರಟಾಗಿ ಇಳಿಸಿದ್ದಕ್ಕೆ ಅವನ ಇಡೀ ವಂಶವನ್ನು ವಿಚಾರಿಸಿಕೊಳ್ಳುತ್ತ ನರ್ಸಮ್ಮ ಟ್ರಂಕು ಹಿಡಿದು ಕೆಳಗೆ ಬಂದರು. ಸರ್ಕಾರದ ಕೆಲಸ ಬಿಟ್ಟು ಬಂದಿದ್ದರು. “ಇನ್ಮೇಲೆ ಎಲ್ಲಿಗಾದ್ರೂ ವರ್ಗ ಮಾಡಾಕೆ ಯಾವನ್ ಬತ್ತನೆ ನೋಡ್ತೀನಿ,” ಎಂದರು. ಮನೆ ಎಲ್ಲಿ ಮಾಡುತ್ತೀರಿ ಎಂದೆ. “ಮನೆ ನೋಡ್ಕೊಂಡ್ ಬಂದ್ನಾ ನಾನು? ಬ್ರಾಕೆಟ್ ಬಗ್ಗದೆ ನೋಡು, ನೆಟ್ಟಗ್ ಮಾಡು.”

ನಾನು ಕತ್ತನ್ನು ನೆಟ್ಟಗೆ ಮಾಡುತ್ತಿರುವಾಗಲೇ ಕೇರಿಯ ಮುದುಕಿಯೊಬ್ಬಳು ರಸ್ತೆಯಾಚೆಯಿಂದ ಆಕೆಯನ್ನು ಗುರುತಿಸಿ, ಎರಡೂ ಕೈ ಎತ್ತಿಕೊಂಡು ಓಡಿ ಬಂದಳು. ಅವಳ ಮೊಮ್ಮಗಳಿಗೆ ಮಧ್ಯಾಹ್ನದಿಂದ ನೋವು. ನರ್ಸಮ್ಮ ಕರಿ ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿದರು. ನಾನು ನಟ್ಟು ಬಿಗಿದು, ದೀಪ ಇಳಿಸಿ, ಬತ್ತಿ ಹಚ್ಚಿದೆ. ಆಕೆ ಸೆರಗು ಸುತ್ತಿಕೊಂಡು, ಮುದುಕಿಗೆ “ಎದುರ್ಗೇ ನಿಂತ್ಕಬ್ಯಾಡ, ದಾರಿ ಬುಡವ್ವ” ಎಂದು ಗದರಿ, ಹೊರಟೇಬಿಟ್ಟರು.

ಆಕೆಯ ಟ್ರಂಕು ರಸ್ತೆಯ ನಡುವೆಯೇ ಇತ್ತು. ನಾನು ಎತ್ತಿ ಒಳಗಿಟ್ಟೆ.